ಅಗ್ಗದ ಹೆಡ್‌ಲ್ಯಾಂಪ್ ಮೂರನೇ ಗಂಟೆಯಲ್ಲಿ ಎಷ್ಟು ಬೆಳಗುತ್ತದೆ? ಮನೆಯಲ್ಲೇ ಪರೀಕ್ಷಿಸುವ ಬಗೆ

ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಿದ್ದ ವಾರ ತೋಟಕ್ಕೆ ನೀರು ತಿರುಗಿಸಲು ಹೋಗುವವರಿಗೆ, ಸುಳ್ಯ, ಪುತ್ತೂರು ಕಡೆ ನಸುಕಿಗೂ ಮುಂಚೆ ರಬ್ಬರ್ ಟ್ಯಾಪಿಂಗಿಗೆ ಇಳಿಯುವವರಿಗೆ, ಬೆಳಕು ಹರಿಯುವ ಮೊದಲೇ ಬೆಟ್ಟ ಹತ್ತಲು ಹೊರಡುವವರಿಗೆ ಎರಡೂ ಕೈ ಖಾಲಿ ಇರಬೇಕು. ಅದಕ್ಕೇ ಹೆಡ್‌ಲ್ಯಾಂಪ್ ಈಗ ಹಾರೆ, ಕತ್ತಿಯ ಜೊತೆ ಮನೆಯ ಮೂಲೆಯಲ್ಲಿ ಇರುವ ವಸ್ತುವಾಗಿದೆ. ₹300ರಿಂದ ₹700ರ ಒಳಗೆ ಸಿಗುವ ಎಲ್‌ಇಡಿ ಹೆಡ್‌ಲ್ಯಾಂಪುಗಳಲ್ಲಿ ವರ್ಷಗಟ್ಟಲೆ ಬಾಳುವವೂ ಇವೆ, ಒಂದೇ ಮಳೆಗಾಲಕ್ಕೆ ಸಾಯುವವೂ ಇವೆ. ಡಬ್ಬಿ ನೋಡಿ ಎರಡನ್ನೂ ಬೇರೆ ಮಾಡಲಾಗದು. ಅಂಗಡಿಯಲ್ಲಿ ಒತ್ತಿ ನೋಡಿದಾಗ ಎಲ್ಲವೂ ಕಣ್ಣು ಕುಕ್ಕುತ್ತವೆ. ಮೊದಲ ನಿಮಿಷದ ಬೆಳಕು ಮಾರಾಟಕ್ಕೆ ಇರುವುದು, ನಿಮ್ಮ ಕೆಲಸಕ್ಕೆ ಬರುವುದು ಮೂರನೇ ಗಂಟೆಯ ಬೆಳಕು. ಅದನ್ನು ಅಳೆಯಲು ಒಂದು ಸಂಜೆ, ಒಂದು ಮೊಬೈಲು, ಸಾಧ್ಯವಾದರೆ ಒಂದು ಮಲ್ಟಿಮೀಟರ್ ಸಾಕು. ವಾಪಸು ಕೊಡುವ ಗಡುವು ಮುಗಿಯುವುದರೊಳಗೆ ಮಾಡಿ ಮುಗಿಸಬೇಕು, ಅಷ್ಟೆ.

ಊರ ಮಾತಿನಲ್ಲಿ ‘ಬ್ಯಾಟ್ರಿ’ ಎಂದರೆ ಟಾರ್ಚು. ಇಲ್ಲಿ ಗೊಂದಲ ಬೇಡವೆಂದು ದೀಪಕ್ಕೆ ಹೆಡ್‌ಲ್ಯಾಂಪ್, ಒಳಗೆ ಇರುವುದಕ್ಕೆ ಸೆಲ್ ಎಂದೇ ಬರೆಯುತ್ತೇವೆ.

ಮೊದಲು ಡಬ್ಬಿಯ ಮೇಲಿನ ಲೆಕ್ಕ

ಹಣ ಕೊಡುವ ಮೊದಲೇ ಒಂದು ಗುಣಾಕಾರ ಮಾಡಿ. ಡಬ್ಬಿಯ ಮೇಲೆ ‘10000 ಲ್ಯೂಮೆನ್, 1200 ಎಂಎಎಚ್, 8 ಗಂಟೆ’ ಎಂದಿದೆ ಅಂದುಕೊಳ್ಳಿ. ಲ್ಯೂಮೆನ್ ಎಂದರೆ ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ, ಎಂಎಎಚ್ ಎಂದರೆ ಸೆಲ್ಲಿನಲ್ಲಿ ಹಿಡಿಸುವ ಚಾರ್ಜಿನ ಅಳತೆ. ಲಿಥಿಯಂ ಸೆಲ್ಲಿನ ಸರಾಸರಿ ವೋಲ್ಟೇಜು 3.7. 1200 ಎಂಎಎಚ್ ಎಂದರೆ 1.2 ಆಂಪಿಯರ್-ಗಂಟೆ, ಅದನ್ನು 3.7ರಿಂದ ಗುಣಿಸಿದರೆ 4.44 ವ್ಯಾಟ್-ಗಂಟೆ. ಈ ದರದ ಎಲ್‌ಇಡಿ ಒಂದು ವ್ಯಾಟಿಗೆ ಹೆಚ್ಚುಕಡಿಮೆ 100 ಲ್ಯೂಮೆನ್ ಕೊಡುತ್ತದೆ ಎಂದು ಉದಾರವಾಗಿಯೇ ಹಿಡಿಯೋಣ. ಅಂದರೆ ಆ ಸೆಲ್ಲಿನಲ್ಲಿ ಇರುವ ಬೆಳಕಿನ ಒಟ್ಟು ದಾಸ್ತಾನು ಸುಮಾರು 444 ಲ್ಯೂಮೆನ್-ಗಂಟೆ. ಎಂಟು ಗಂಟೆಗೆ ಹಂಚಿದರೆ ಉದ್ದಕ್ಕೂ ಸುಮಾರು 55 ಲ್ಯೂಮೆನ್ ಬರುತ್ತದೆ. 10000 ಲ್ಯೂಮೆನ್ ಬೇಕಾದರೆ 100 ವ್ಯಾಟ್ ಸುಡಬೇಕು, ಆಗ ಮೂರು ನಿಮಿಷದೊಳಗೆ ಸೆಲ್ ಬರಿದು. ಹಣೆಯ ಮೇಲೆ 100 ವ್ಯಾಟಿನ ಕಾವನ್ನು ಯಾರೂ ತಡೆದುಕೊಳ್ಳಲಾರರು.

ಹಾಗೆಂದು 55 ಲ್ಯೂಮೆನ್ ಕಡಿಮೆಯೇನಲ್ಲ. ಮರದ ಸಿಪ್ಪೆಗೆ ಗೀರು ಹಾಕುವಷ್ಟು ಹತ್ತಿರದ ಕೆಲಸಕ್ಕೆ 30ರಿಂದ 50 ಧಾರಾಳ. ತೋಟದ ದಾರಿಯಲ್ಲಿ ನಡೆಯಲು 80ರಿಂದ 150 ಬೇಕು. ಗದ್ದೆಯ ಆಚೆ ಬದಿಯಲ್ಲಿ ಹಂದಿ ಬಂದಿದೆಯೇ ಎಂದು ನೋಡಲು 300ಕ್ಕೂ ಹೆಚ್ಚು, ಅದೂ ಒಂದೇ ಕಡೆ ಕೇಂದ್ರೀಕರಿಸಿದ ಬೆಳಕು ಬೇಕು. ನಿಮ್ಮ ಕೆಲಸ ಯಾವುದು ಎಂದು ಮೊದಲೇ ಗೊತ್ತುಮಾಡಿಕೊಂಡರೆ ದೊಡ್ಡ ಸಂಖ್ಯೆಗೆ ಮರುಳಾಗಿ ತೂಕದ ಮಾಲು ತರುವುದು ತಪ್ಪುತ್ತದೆ.

ಸೆಲ್ಲಿನ ಮೇಲಿನ ಸಂಖ್ಯೆಯನ್ನೂ ಜರಡಿ ಹಿಡಿಯಿರಿ. ಇಂಥ ದೀಪಗಳಲ್ಲಿ ಸಾಮಾನ್ಯವಾಗಿ ಸಿಗುವ ಬಿಡಿ ಸೆಲ್ 18650: ವ್ಯಾಸ 18 ಮಿ.ಮೀ., ಉದ್ದ 65 ಮಿ.ಮೀ. ಹೆಸರಾಂತ ತಯಾರಕರ ಒಳ್ಳೆಯ ಸೆಲ್ಲುಗಳೇ 3500 ಎಂಎಎಚ್ ಆಸುಪಾಸಿನಲ್ಲಿ ನಿಲ್ಲುತ್ತವೆ. ಅದೇ ಗಾತ್ರದ ಸೆಲ್ಲಿನ ಮೇಲೆ 6800, 9900 ಎಂದು ಅಚ್ಚಾಗಿದ್ದರೆ ಅದು ಸುಳ್ಳು. ಅಂಥ ಸೆಲ್ ಇರುವ ದೀಪದ ಉಳಿದ ಮಾತುಗಳನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಡಬ್ಬಿಯಲ್ಲಿ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ, ತಿಂಗಳು-ವರ್ಷ ಇರಲೇಬೇಕು ಎಂಬುದು ನಮ್ಮ ದೇಶದ ಕಾನೂನು. ಏನೂ ಇಲ್ಲದ ಬಿಳಿ ಡಬ್ಬಿ ಆದರೆ ಕೆಟ್ಟಾಗ ಕೇಳಲು ಯಾರೂ ಇರುವುದಿಲ್ಲ.

ಬಿಚ್ಚಿ ನೋಡುವುದು

ಮನೆಗೆ ತಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಸೆಲ್ ಹೊರತೆಗೆಯಲು ಬರುವ ಮಾದರಿಯಾದರೆ ತೆಗೆದು ಅಡುಗೆಮನೆಯ ತೂಕದ ಯಂತ್ರದ ಮೇಲಿಡಿ. ಸರಿಯಾದ 18650 ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. 35 ಗ್ರಾಮಿಗಿಂತ ಕಡಿಮೆ ಬಂದರೆ ಒಳಗಿನ ಸರಕು ಕಡಿಮೆಯಿದೆ ಎಂದೇ ಅರ್ಥ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ ಸೆಲ್ಲಿನ ಎರಡು ತುದಿಗೆ ಮುಟ್ಟಿಸಿ. 3.5ರಿಂದ 3.8ರ ನಡುವೆ ಇದ್ದರೆ ಆರೋಗ್ಯವಾಗಿದೆ. 3.0ಕ್ಕಿಂತ ಕೆಳಗಿದ್ದರೆ ಗೋದಾಮಿನಲ್ಲಿ ಬಹಳ ದಿನ ಬಿದ್ದಿದ್ದ ಮಾಲು; 2.5ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡುವ ಗೊಡವೆಗೇ ಹೋಗದೆ ವಾಪಸು ಕಳಿಸಿ. ಮೀಟರಿನ ಎರಡು ಕಡ್ಡಿಗಳು ಸೆಲ್ಲಿನ ಮೇಲೆ ಒಂದಕ್ಕೊಂದು ತಾಗದಂತೆ ಜಾಗ್ರತೆ, ಶಾರ್ಟ್ ಆದರೆ ಕಿಡಿ ಹಾರುತ್ತದೆ.

ಹಿಂದಲೆಗೆ ಸೆಲ್ ಡಬ್ಬಿ, ಮುಂದೆ ದೀಪ, ನಡುವೆ ವೈರು ಇರುವ ಮಾದರಿಯಲ್ಲಿ ಆ ವೈರು ಎರಡೂ ಕಡೆ ಒಳಹೋಗುವ ಜಾಗವನ್ನು ಹಿಡಿದು ಮೆಲ್ಲಗೆ ಜಗ್ಗಿ. ರಬ್ಬರಿನ ಗಟ್ಟಿ ಕತ್ತು ಇಲ್ಲದೆ ಬರಿಯ ತೂತಿನಲ್ಲಿ ತೂರಿಸಿದ್ದರೆ ವೈರು ಅಲ್ಲೇ ಮಡಚಿ ಮಡಚಿ ಒಳಗಿಂದೊಳಗೆ ಕಡಿಯುತ್ತದೆ. ಈ ಬಗೆಯ ದೀಪಗಳಲ್ಲಿ ಮಿಣುಕಾಟ ಶುರುವಾಗುವ ಮೊದಲ ಜಾಗ ಇದೇ. ಸೆಲ್ ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ವಾಷರ್ ಇದೆಯೇ, ಚಾರ್ಜಿಂಗ್ ತೂತಿನ ಬಿರಡೆ ಬಿಗಿಯಾಗಿ ಕೂರುತ್ತದೆಯೇ ನೋಡಿ. ದೀಪವನ್ನು ಮೇಲೆ ಕೆಳಗೆ ಬಾಗಿಸುವ ಕೀಲು ‘ಟಕ್ ಟಕ್’ ಎಂದು ಹಲ್ಲು ಹಲ್ಲಾಗಿ ನಿಂತರೆ ಒಳ್ಳೆಯದು. ಬರಿಯ ಉಜ್ಜುವಿಕೆಯಲ್ಲಿ ನಿಲ್ಲುವ ಕೀಲು ಕೆಲವು ತಿಂಗಳಿಗೆ ಸಡಿಲಾಗಿ, ನಡೆಯುವಾಗ ದೀಪ ತಲೆ ತಗ್ಗಿಸುತ್ತದೆ.

ಹಿಂದಿನ ಡಬ್ಬಿಯಲ್ಲಿ ಎರಡು ಸೆಲ್ ಇದ್ದರೆ ಅವನ್ನು ಯಾವಾಗಲೂ ಜೋಡಿಯಾಗಿಯೇ ಬಳಸಿ. ಅಗ್ಗದ ಡಬ್ಬಿಗಳಲ್ಲಿ ಹೆಚ್ಚಾಗಿ ಅವು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರುವ ಪ್ಯಾರಲಲ್‌ನಲ್ಲಿರುತ್ತವೆ. ಒಂದು ತುಂಬಿದ ಸೆಲ್, ಇನ್ನೊಂದು ಬರಿದಾದ ಸೆಲ್ ಹಾಕಿದರೆ ತುಂಬಿದ್ದು ಬರಿದಾದದ್ದಕ್ಕೆ ತಡೆಯಿಲ್ಲದೆ ಹರಿದು ಎರಡೂ ಕಾಯುತ್ತವೆ.

ಮೊದಲ ಚಾರ್ಜು

ಟೈಪ್-ಸಿ ತೂತು ಇರುವ ಎಷ್ಟೋ ಅಗ್ಗದ ದೀಪಗಳು ಎರಡೂ ತುದಿ ಟೈಪ್-ಸಿ ಇರುವ ಹೊಸ ಮೊಬೈಲ್ ಕೇಬಲ್ಲಿನಲ್ಲಿ ಚಾರ್ಜ್ ಆಗುವುದೇ ಇಲ್ಲ. ದೀಪ ಕೆಟ್ಟಿದೆ ಎಂದುಕೊಳ್ಳಬೇಡಿ. ‘ಇಲ್ಲೊಂದು ಉಪಕರಣವಿದೆ, ಕರೆಂಟು ಕೊಡು’ ಎಂದು ಚಾರ್ಜರಿಗೆ ತಿಳಿಸುವ 5.1 ಕಿಲೋಓಮಿನ ಎರಡು ಪುಟ್ಟ ರೆಸಿಸ್ಟರುಗಳನ್ನು ಉಳಿತಾಯಕ್ಕಾಗಿ ಹಾಕಿರುವುದಿಲ್ಲ. ಹಳೆಯ ಅಗಲ ಬಾಯಿಯ ಯುಎಸ್‌ಬಿ-ಎ ಚಾರ್ಜರು, ಅದಕ್ಕೆ ಎ-ಇಂದ-ಸಿ ಕೇಬಲ್ಲು ಬಳಸಿದರೆ ಸರಿಹೋಗುತ್ತದೆ. 5 ವೋಲ್ಟ್, 1 ಆಂಪಿಯರಿನ ಸಾದಾ ಚಾರ್ಜರ್ ಸಾಕು.

ಮೊದಲ ಸಲ ಚಾರ್ಜಿಗೆ ಇಡುವುದು ನೆಲದ ಟೈಲ್ಸ್ ಮೇಲೆ ಅಥವಾ ಕಡಪ ಕಲ್ಲಿನ ಮೇಲೆ, ನೀವು ಎಚ್ಚರವಿರುವ ಹೊತ್ತಿನಲ್ಲಿ. ಹಾಸಿಗೆ, ಸೋಫಾ, ಅಡಿಕೆ ಚೀಲದ ರಾಶಿ ಬೇಡವೇ ಬೇಡ. ಕಾಲು ಗಂಟೆಗೊಮ್ಮೆ ಮುಟ್ಟಿ ನೋಡಿ: ಬೆಚ್ಚಗಾಗುವುದು ಸಹಜ, ಕೈ ಇಡಲಾಗದಷ್ಟು ಬಿಸಿಯಾದರೆ ಕೇಬಲ್ ಕಿತ್ತು ಅಲ್ಲಿಗೇ ನಿಲ್ಲಿಸಿ. ಚಾರ್ಜ್ ತೋರಿಸುವ ಪುಟ್ಟ ಸೂಚಕ ದೀಪ ಹಸಿರಿಗೋ ನೀಲಿಗೋ ತಿರುಗಿದ ಮೇಲೆ ಸೆಲ್ ತೆಗೆದು ವೋಲ್ಟೇಜು ನೋಡಿ. 4.15ರಿಂದ 4.22 ಬಂದರೆ ಚಾರ್ಜಿಂಗ್ ಸರ್ಕಿಟ್ ಸರಿಯಿದೆ. 4.25 ದಾಟಿದರೆ ಆ ದೀಪದಲ್ಲಿ ಚಾರ್ಜ್ ನಿಲ್ಲಿಸುವ ವ್ಯವಸ್ಥೆಯೇ ಇಲ್ಲ ಅಥವಾ ಕೆಟ್ಟಿದೆ. ಲಿಥಿಯಂ ಸೆಲ್ ಉಬ್ಬುವುದು, ಬೆಂಕಿ ಹಿಡಿಯುವುದು ಇಂಥದರಿಂದಲೇ. ಬೆಳಕು ಎಷ್ಟೇ ಚೆನ್ನಾಗಿದ್ದರೂ ಇಂಥ ದೀಪ ಮನೆಯಲ್ಲಿ ಇಟ್ಟುಕೊಳ್ಳಬಾರದು. ಈ ಒಂದು ವಿಷಯದಲ್ಲಿ ರಾಜಿ ಬೇಡ.

ನಿಜವಾದ ಪರೀಕ್ಷೆ: ಬಚ್ಚಲುಮನೆಯಲ್ಲಿ ಮೂರು ಗಂಟೆ

ಬೇಕಾದದ್ದು: ಬಿಳಿ ಸೂರು ಇರುವ, ಪೂರ್ತಿ ಕತ್ತಲು ಮಾಡಬಹುದಾದ ಸಣ್ಣ ಕೋಣೆ. ಒಣಗಿದ ಬಚ್ಚಲುಮನೆ ಚೆನ್ನಾಗಿ ಒದಗುತ್ತದೆ. ಮೊಬೈಲಿನಲ್ಲಿ ಲಕ್ಸ್, ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕು, ಅಳೆಯುವ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಳ್ಳಿ. ಅದು ಪರದೆಯ ಮೇಲ್ಭಾಗದ ಬೆಳಕಿನ ಸಂವೇದಕವನ್ನು ಓದುತ್ತದೆ. ಅದು ತೋರಿಸುವ ಸಂಖ್ಯೆ ಪ್ರಯೋಗಾಲಯದಷ್ಟು ನಿಖರವಲ್ಲ. ಆದರೆ ನಮಗೆ ಬೇಕಾದದ್ದು ಮೊದಲಿಗಿಂತ ಎಷ್ಟು ಇಳಿಯಿತು ಎಂಬುದು ಮಾತ್ರ, ಅದಕ್ಕೆ ಧಾರಾಳ ಸಾಕು.

ಹೆಡ್‌ಲ್ಯಾಂಪನ್ನು ಚೊಂಬಿನ ಬಾಯಲ್ಲಿ ಸೂರು ನೋಡುವಂತೆ ನಿಲ್ಲಿಸಿ. ಬೆಳಕು ಸೂರಿಗೆ ಬಡಿದು ಕೋಣೆಯೆಲ್ಲ ಹರಡಬೇಕು. ಒಂದು ಮೀಟರ್ ದೂರದಲ್ಲಿ ಮೊಬೈಲನ್ನು ಅಂಗಾತ ಇಟ್ಟು, ನಡುವೆ ಒಂದು ಪುಸ್ತಕ ನಿಲ್ಲಿಸಿ ದೀಪದ ನೇರ ಬೆಳಕು ಬೀಳದಂತೆ ಮರೆ ಮಾಡಿ. ಪೂರ್ತಿ ಚಾರ್ಜ್ ಆದ ದೀಪವನ್ನು ಅತಿ ಹೆಚ್ಚು ಬೆಳಕಿಗೆ ಹಾಕಿ, 30 ಸೆಕೆಂಡ್ ಆದ ಮೇಲಿನ ಸಂಖ್ಯೆ ಬರೆದುಕೊಳ್ಳಿ. ಇದೇ ನಿಮ್ಮ ನೂರಕ್ಕೆ ನೂರು. ಆಮೇಲೆ 10 ನಿಮಿಷಕ್ಕೆ, 30ಕ್ಕೆ, 60ಕ್ಕೆ, ಮುಂದೆ ಅರ್ಧ ಗಂಟೆಗೊಮ್ಮೆ. ಚೊಂಬು, ಮೊಬೈಲು, ಪುಸ್ತಕ ಒಂದು ಇಂಚೂ ಕದಲಬಾರದು, ನೀವು ನಿಲ್ಲುವ ಜಾಗವೂ ಅದೇ ಇರಲಿ. ಬಿಳಿ ಅಂಗಿಯವರು ಹತ್ತಿರ ಬಂದರೂ ಅಂಕಿ ಏರುತ್ತದೆ. ಹತ್ತನೇ ನಿಮಿಷಕ್ಕೆ ದೀಪದ ಬೆನ್ನನ್ನು ಮುಟ್ಟಿ. ಐದು ಎಣಿಸುವವರೆಗೆ ಬೆರಳು ಇಡಲಾಗದಿದ್ದರೆ ಎಲ್‌ಇಡಿಯ ಶಾಖ ಹೊರಹೋಗಲು ದಾರಿ ಮಾಡಿಲ್ಲ ಎಂದಾಯಿತು. ಪ್ಲಾಸ್ಟಿಕ್ ಮೈಯ ದೀಪಗಳಲ್ಲಿ ಇದು ಸಾಮಾನ್ಯ. ಅಂಥದನ್ನು ಮಧ್ಯಮ ಬೆಳಕಿನಲ್ಲಿ ಮಾತ್ರ ಬಳಸಬೇಕು, ಇಲ್ಲವಾದರೆ ಲೆನ್ಸ್ ಹಳದಿಯಾಗಿ ಎಲ್‌ಇಡಿ ಬೇಗ ಮಂಕಾಗುತ್ತದೆ.

ಸಂಖ್ಯೆಗಳನ್ನು ಹೀಗೆ ಓದಿ. ಮೊದಲ ನಿಮಿಷದಿಂದಲೇ ಇಳಿಜಾರು ಹಿಡಿದು, ಗಂಟೆ ತುಂಬುವಾಗ ಅರ್ಧಕ್ಕೆ ಬಂದರೆ ಅದು ನೇರ ಜೋಡಣೆಯ ದೀಪ. ಬಿಳಿ ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ಬೇಕು. ಸೆಲ್ 4.2ರಿಂದ 3ರ ಕಡೆಗೆ ಇಳಿಯುತ್ತ ಹೋದಂತೆ ನಡುವಿನ ಅಂತರ ಕಿರಿದಾಗಿ, ಕರೆಂಟೂ ಬೆಳಕೂ ಒಟ್ಟಿಗೆ ಕುಸಿಯುತ್ತವೆ. ಹಲವು ಹೊತ್ತು ಒಂದೇ ಮಟ್ಟದಲ್ಲಿ ನಿಂತು ಕೊನೆಗೆ ತಟ್ಟನೆ ಇಳಿದರೆ ಒಳಗೆ ಕರೆಂಟ್ ನಿಯಂತ್ರಿಸುವ ಡ್ರೈವರ್ ಇದೆ. ಈ ದರಕ್ಕೆ ಅಂಥದು ಸಿಕ್ಕರೆ ಬಿಡಬೇಡಿ. ಐದು-ಹತ್ತು ನಿಮಿಷಕ್ಕೆ ಒಂದು ಮೆಟ್ಟಿಲು ಇಳಿದು ಅಲ್ಲೇ ನಿಂತರೆ ಅದೂ ದೋಷವಲ್ಲ. ಶಾಖ ಹೆಚ್ಚದಂತೆ ತಯಾರಕರೇ ಮಾಡಿದ ಏರ್ಪಾಡು.

ಕಣ್ಣನ್ನೇ ಯಾಕೆ ನಂಬಬಾರದು ಎಂದು ಕೇಳಬಹುದು. ಬೆಳಕು ನಿಧಾನವಾಗಿ ಇಳಿದಾಗ ಕಣ್ಣಿನ ಪಾಪೆ ಹಿಗ್ಗಿ ಹೊಂದಿಕೊಳ್ಳುತ್ತದೆ, ಅರ್ಧವಾದರೂ ಸ್ವಲ್ಪ ಮಂಕಾಯಿತೇನೋ ಎಂದಷ್ಟೇ ಅನ್ನಿಸುತ್ತದೆ. ಹಾಗಾಗಿಯೇ ಒಣಗಿದ ಸೋಗೆಯ ಬಣ್ಣದಲ್ಲೇ ಮಲಗಿರುವ ಕೊಳಕುಮಂಡಲ ಮೊದಲ ಗಂಟೆಯಲ್ಲಿ ಕಂಡೀತು, ಮೂರನೇ ಗಂಟೆಯಲ್ಲಿ ಕಾಣದೇ ಹೋದೀತು. ಇನ್ನೊಂದು ಮಾತು: ಟಾರ್ಚುಗಳ ಅಳತೆಗೆ ಜಗತ್ತಿನಾದ್ಯಂತ ಬಳಸುವ ಎಫ್‌ಎಲ್1 ಎಂಬ ಮಾನದಂಡದಲ್ಲಿ ‘ಇಷ್ಟು ಗಂಟೆ ಉರಿಯುತ್ತದೆ’ ಎಂದರೆ ಬೆಳಕು ಮೊದಲಿನ ಶೇ. 10ಕ್ಕೆ ಇಳಿಯುವವರೆಗೆ ಎಂದು ಅರ್ಥ. ಮಾನದಂಡ ಪಾಲಿಸಿದ ಡಬ್ಬಿಯ ಎಂಟು ಗಂಟೆಯಲ್ಲೂ ಕೊನೆಯ ಹಲವು ಗಂಟೆ ಬರಿಯ ಮಿಣುಕಾಗಿರಬಹುದು. ನಡೆಯುವವರು ಶೇ. 50ಕ್ಕೆ ಇಳಿಯುವವರೆಗಿನ ಸಮಯವನ್ನೇ ನಿಜವಾದ ಅವಧಿ ಎಂದು ಹಿಡಿಯುವುದು ಕ್ಷೇಮ.

ಅತಿ ಹೆಚ್ಚು ಬೆಳಕಿನಲ್ಲಿ ನಿರಾಸೆಯಾದರೆ ಮರುದಿನ ಮಧ್ಯಮ ಬೆಳಕಿನಲ್ಲಿ ಇದೇ ಪರೀಕ್ಷೆ ಮಾಡಿ. ಎಷ್ಟೋ ಅಗ್ಗದ ದೀಪಗಳು ಮಧ್ಯಮದಲ್ಲಿ ಇಡೀ ರಾತ್ರಿಗೆ ಒದಗುತ್ತವೆ.

ದೀಪ ತಾನಾಗಿ ಆರಿದ ಮೇಲೆ, ಅಥವಾ ಮಿಣುಕು ಮಾತ್ರ ಉಳಿದಾಗ, ಸೆಲ್ ತೆಗೆದು ಮತ್ತೆ ಮೀಟರ್ ಹಿಡಿಯಿರಿ. 2.8ರಿಂದ 3.0ಕ್ಕೆ ತಾನೇ ಕಡಿದುಕೊಂಡಿದ್ದರೆ ರಕ್ಷಣೆ ಇದೆ. 2.5ಕ್ಕಿಂತ ಕೆಳಗೂ ಉರಿಯುತ್ತಲೇ ಇದ್ದರೆ ಕಡಿತದ ವ್ಯವಸ್ಥೆ ಇಲ್ಲ; ಮರೆತು ಹಾಕಿಟ್ಟ ಒಂದೇ ರಾತ್ರಿಯಲ್ಲಿ ಸೆಲ್ ಹಾಳಾಗುತ್ತದೆ. ಆಗ ಒಂದೋ ಮಂಕಾದ ಕೂಡಲೇ ಆರಿಸುವ ಶಿಸ್ತು ಬೇಕು, ಅಥವಾ ರಕ್ಷಣಾ ಸರ್ಕಿಟ್ ಇರುವ ಸೆಲ್ ಹಾಕಬೇಕು. ಅಂಥ ಸೆಲ್ 68ರಿಂದ 70 ಮಿ.ಮೀ. ಉದ್ದವಿರುವುದರಿಂದ ಡಬ್ಬಿಯಲ್ಲಿ ಹಿಡಿಸುತ್ತದೆಯೇ ಎಂದು ಅಳೆದೇ ಕೊಳ್ಳಿ.

ಈಗ ಬರಿದಾದ ದೀಪವನ್ನು, ಚಾರ್ಜರಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸಿ ಹೋದ ಕರೆಂಟು ಅಳೆಯುವ ಯುಎಸ್‌ಬಿ ಮೀಟರ್ ಮೂಲಕ ಚಾರ್ಜಿಗೆ ಹಾಕಿದರೆ ಸೆಲ್ಲಿನ ನಿಜವಾದ ಸಾಮರ್ಥ್ಯವೂ ಹೊರಬೀಳುತ್ತದೆ. ಈ ಬಗೆಯ ದೀಪಗಳಲ್ಲಿ ಹೆಚ್ಚಾಗಿ ಕಾಣುವುದು ಚಾರ್ಜ್ ನಿಯಂತ್ರಿಸುವ ಟಿಪಿ4056ರಂಥ ಲೀನಿಯರ್ ಚಿಪ್ಪು. ಅದರಲ್ಲಿ ಒಳಗೆ ಬಂದ ಕರೆಂಟೇ ಹೆಚ್ಚುಕಡಿಮೆ ಸೆಲ್ಲಿಗೆ ಹೋಗುತ್ತದೆ, ಹೆಚ್ಚಿನ ವೋಲ್ಟೇಜು ಶಾಖವಾಗಿ ಕಳೆದುಹೋಗುತ್ತದೆ. ಹಾಗಾಗಿ ಮೀಟರ್ ತೋರಿಸಿದ ಎಂಎಎಚ್ ಸೆಲ್ಲಿನ ಎಂಎಎಚ್‌ಗೆ ಹತ್ತಿರದ್ದೇ. 2000 ಎಂದು ಬರೆದ ಸೆಲ್ಲಿಗೆ 1700 ಹೋದರೆ ಸಮಾಧಾನ ಪಡಬಹುದು. 700 ಹೋದರೆ ವಾಪಸು ಕೊಡಿ. ಸೆಲ್ ಹೊರತೆಗೆಯಲಾಗದ ದೀಪಗಳಿಗೆ ಈ ಮೀಟರೇ ದಾರಿ: ಚಾರ್ಜ್ ಮುಗಿದ ಮೇಲೆ ಕರೆಂಟು ಸೊನ್ನೆಯ ಹತ್ತಿರ ಬಂದು ನಿಲ್ಲಬೇಕು.

ಬೆಳಕಿನ ಹರವು, ಮಿನುಗು

ಕತ್ತಲಲ್ಲಿ ಬಿಳಿ ಗೋಡೆಯಿಂದ ಐದು ಮೀಟರ್ ದೂರ ನಿಂತು ಬೆಳಕು ಬಿಡಿ. ನಡುವಿನ ಚುಕ್ಕೆ ಮಾತ್ರ ಉರಿದು ಸುತ್ತ ಕತ್ತಲಾದರೆ ನಡೆಯುವಾಗ ಕಾಲಬುಡ ಕಾಣುವುದಿಲ್ಲ. ಜೂಮ್ ಲೆನ್ಸಿನವನ್ನು ಅಗಲಕ್ಕೆ ತಂದೇ ನಡೆಯಬೇಕು. ಉದ್ದ ಪಟ್ಟಿಯ ಸಿಒಬಿ ದೀಪಗಳು ಇದಕ್ಕೆ ತದ್ವಿರುದ್ಧ: ಕೈಕೆಲಸಕ್ಕೆ ಹಿತ, ಹತ್ತು ಮೀಟರಿನಾಚೆ ಏನೂ ಇಲ್ಲ. ಎಷ್ಟು ದೂರ ಹೋಗುತ್ತದೆ ಎಂದು ತಿಳಿಯಲು ಐದು ಮೀಟರಿನಲ್ಲಿ ಚುಕ್ಕೆಯ ನಡುವೆ ಮೊಬೈಲ್ ಹಿಡಿದು ಲಕ್ಸ್ ಓದಿ, 25ರಿಂದ ಗುಣಿಸಿ, ಅದರ ವರ್ಗಮೂಲವನ್ನು ಎರಡರಿಂದ ಗುಣಿಸಿ. 40 ಲಕ್ಸ್ ಬಂದರೆ 1000, ವರ್ಗಮೂಲ ಸುಮಾರು 31.6, ಅಲ್ಲಿಗೆ 63 ಮೀಟರ್. ಅದು ಹುಣ್ಣಿಮೆ ಬೆಳದಿಂಗಳಷ್ಟು ಬೆಳಕು ಉಳಿಯುವ ದೂರ. ಏನಿದೆ ಎಂದು ಗುರುತು ಹಿಡಿಯಲು ಅದರ ಮೂರನೇ ಒಂದು ಭಾಗವನ್ನು ಮಾತ್ರ ನಂಬಿ.

ಬೆಳಕಿನ ಎದುರು ಬೆರಳುಗಳನ್ನು ಬಿಡಿಸಿ ರಪರಪನೆ ಆಡಿಸಿ. ಬೆರಳು ಕಡಿಕಡಿದು ಹಲವಾಗಿ ಕಂಡರೆ ದೀಪ ಒಂದೇ ಸಮನೆ ಉರಿಯುತ್ತಿಲ್ಲ, ಬಹಳ ವೇಗವಾಗಿ ಆರಿ ಹತ್ತುತ್ತಿದೆ. ಮೊಬೈಲ್ ಕ್ಯಾಮೆರಾದಲ್ಲಿ ಇದು ಅಡ್ಡ ಪಟ್ಟೆಗಳಾಗಿ ಕಾಣುತ್ತದೆ. ನಡೆಯಲು ಅಡ್ಡಿಯಿಲ್ಲ, ಆದರೆ ತಿರುಗುವ ಯಂತ್ರದ ಬಳಿ ಅಪಾಯ: ಪಂಪಿನ ಬೆಲ್ಟು, ಕಳೆ ಕೊಚ್ಚುವ ಯಂತ್ರದ ಬ್ಲೇಡು ನಿಂತಂತೆಯೋ ನಿಧಾನಕ್ಕೆ ತಿರುಗಿದಂತೆಯೋ ಕಾಣಬಹುದು. ಆ ಕೆಲಸ ಇರುವವರು ಇಂಥ ದೀಪ ತೆಗೆದುಕೊಳ್ಳಬಾರದು.

ತಲೆಗೆ ಕಟ್ಟಿ, ನೀರು ಚಿಮುಕಿಸಿ

ಒಂದು ಗಂಟೆ ಕಟ್ಟಿಕೊಂಡು ಮನೆಗೆಲಸ ಮಾಡಿ. ಬಗ್ಗಿ, ಮೆಟ್ಟಿಲು ಹತ್ತಿ ಇಳಿಯಿರಿ. ದೀಪದ ಭಾರವೆಲ್ಲ ಮುಂದೆಯೇ ಇದ್ದರೆ ಹಣೆ ನೋಯುತ್ತದೆ, ನೆತ್ತಿಯ ಮೇಲೆ ಹಾಯುವ ಪಟ್ಟಿ ಇಲ್ಲದಿದ್ದರೆ ಜಾರುತ್ತದೆ. ನೀವು ಕೆಲಸಕ್ಕೆ ಮುಟ್ಟಾಳೆಯನ್ನೋ ಮುಂಡಾಸನ್ನೋ ತೊಡುವವರಾದರೆ ಅದರ ಮೇಲೆಯೇ ಕಟ್ಟಿ ನೋಡಿ, ಪಟ್ಟಿಯ ಉದ್ದ ಸಾಲದೇ ಹೋಗುವುದುಂಟು. ಸ್ವಿಚ್ಚನ್ನು ಒದ್ದೆ ಕೈಯಲ್ಲಿ ಒತ್ತಿ. ಆರಿಸಲು ಹೋದಾಗ ಪ್ರತಿ ಸಲವೂ ಮಿಟುಕುವ ಬೆಳಕನ್ನು ದಾಟಿಯೇ ಹೋಗಬೇಕಾದರೆ ನಿತ್ಯದ ಬಳಕೆಗೆ ಅದು ಕಿರಿಕಿರಿ.

ಮಳೆ ಪರೀಕ್ಷೆಗೆ ಸೆಲ್ ತೆಗೆದಿಟ್ಟು, ಆ ಜಾಗದಲ್ಲಿ ಒಣ ಟಿಶ್ಯೂ ಕಾಗದ ಮಡಚಿ ತುಂಬಿ, ಮುಚ್ಚಳ ಹಾಕಿ ಎಲ್ಲ ಬದಿಯಿಂದ ಹತ್ತು ನಿಮಿಷ ನೀರು ಚಿಮುಕಿಸಿ. ಬಿಚ್ಚಿದಾಗ ಕಾಗದ ಒದ್ದೆಯಾಗಿದ್ದರೆ ಮಲೆನಾಡಿನ ಜುಲೈಗೆ ಅದು ಆಗದು. ಡಬ್ಬಿಯ ಮೇಲೆ ನೀರು ತಡೆಯುವ ಮಟ್ಟ ಐಪಿಎಕ್ಸ್4 ಎಂದಿದ್ದರೆ ಚಿಮುಕುವ ನೀರು ತಡೆಯುತ್ತದೆ ಎಂದಷ್ಟೇ, ಹೊಳೆಯಲ್ಲಿ ಬಿದ್ದರೆ ಉಳಿಯುತ್ತದೆ ಎಂದಲ್ಲ. ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯುವುದು ಐಪಿಎಕ್ಸ್7. ಸೆಲ್ ಒಳಗೇ ಕೂರಿಸಿದ ದೀಪವಾದರೆ ಬಿರಡೆ ಹಾಕಿ ಸ್ವಲ್ಪ ಚಿಮುಕಿಸಿ ನೋಡಿ, ಆಮೇಲೆ ಒಂದು ದಿನ ಒಣಗಿಸದೆ ಚಾರ್ಜಿಗೆ ಹಾಕಬೇಡಿ.

ಮಂಜು ಕವಿದ ರಾತ್ರಿ ಹೆಡ್‌ಲ್ಯಾಂಪಿನಿಂದ ಎದುರಿಗೆ ಬಿಳಿ ಗೋಡೆಯೆದ್ದಂತಾಗುವುದು ದೀಪದ ತಪ್ಪಲ್ಲ. ದೀಪ ಕಣ್ಣಿನ ಪಕ್ಕದಲ್ಲೇ ಇರುವುದರಿಂದ ಹನಿಗಳಿಗೆ ಬಡಿದ ಬೆಳಕು ನೇರ ಕಣ್ಣಿಗೇ ಮರಳುತ್ತದೆ. ತಲೆಯಿಂದ ತೆಗೆದು ಸೊಂಟದ ಮಟ್ಟದಲ್ಲಿ ಹಿಡಿಯಿರಿ, ಬೆಳಕನ್ನು ತಗ್ಗಿಸಿ, ದಾರಿ ಕಾಣತೊಡಗುತ್ತದೆ. ಮಳೆಹುಳುಗಳು ಮುಖಕ್ಕೆ ಮುತ್ತಿದಾಗಲೂ ಇದೇ ಉಪಾಯ.

ಇಟ್ಟುಕೊಳ್ಳುವುದಾದರೆ

ಎಲ್ಲದರಲ್ಲೂ ತೇರ್ಗಡೆಯಾದ ದೀಪವನ್ನು ಪೂರ್ತಿ ಚಾರ್ಜ್ ಮಾಡಿ ಒಂದು ವಾರ ಮುಟ್ಟದೆ ಇಡಿ. ವೋಲ್ಟೇಜು 0.1ಕ್ಕಿಂತ ಹೆಚ್ಚು ಇಳಿದಿದ್ದರೆ ಆರಿದ್ದಾಗಲೂ ಸ್ವಿಚ್ಚಿನ ಸರ್ಕಿಟ್ ಸೆಲ್ ಕುಡಿಯುತ್ತಿದೆ. ಬಳಸದ ದಿನಗಳಲ್ಲಿ ಸೆಲ್ಲಿನ ತುದಿಗೂ ಸ್ಪ್ರಿಂಗಿಗೂ ನಡುವೆ ದಪ್ಪ ಕಾಗದದ ಚೂರು ಸಿಕ್ಕಿಸಿದರೆ ಸಾಕು. ಬೆವರಿನ ಉಪ್ಪು ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಸುತ್ತದೆ, ತಿಂಗಳಿಗೊಮ್ಮೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಒರೆಸಿ. ದೀಪ ಮಿಣುಕತೊಡಗಿದರೆ ಹೊಸದು ತರುವ ಮೊದಲು ಇಷ್ಟು ಮಾಡಿ ನೋಡಿ, ಆಮೇಲೆ ವೈರಿನ ಕತ್ತು. ಹಲವು ತಿಂಗಳು ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ಇಡಿ, ತುಂಬಿಸಿಟ್ಟ ಸೆಲ್ ಬೇಗ ಮುಪ್ಪಾಗುತ್ತದೆ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲುಗಳನ್ನು ಇದಕ್ಕೆ ಹಾಕಬೇಡಿ, ತಲೆಗೆ ಕಟ್ಟುವ ವಸ್ತು ಇದು. ಉಬ್ಬಿದ, ಸೋರಿದ ಸೆಲ್ಲಿನ ಎರಡು ತುದಿಗೂ ಟೇಪು ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಮಣ್ಣಿನ ಮಡಕೆಯಲ್ಲೋ ತಗಡಿನ ಡಬ್ಬಿಯಲ್ಲೋ ಮರಳು ಹಾಕಿ ಇಟ್ಟಿದ್ದು, ಪೇಟೆಗೆ ಹೋದಾಗ ಇ-ತ್ಯಾಜ್ಯ ಸಂಗ್ರಹಿಸುವಲ್ಲಿ ಕೊಡಿ. ಬಚ್ಚಲೊಲೆಗೆ ಎಸೆದರೆ ಸಿಡಿಯುತ್ತದೆ.